ಕತ್ತಿನ ರಕ್ತನಾಳ ಕಟ್ಟಿದರೆ ಮದ್ದೋ, ಆಪರೇಷನ್ನೋ, ಸ್ಟೆಂಟೋ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರದವರು. ತಂದೆಗೆ 72 ವರ್ಷ. ಶುಗರ್, ಬಿ.ಪಿ. ಎರಡೂ ಇದೆ, ಬೀಡಿ ಸೇದುತ್ತಾರೆ. ಐದು ದಿನದ ಹಿಂದೆ ಬೆಳಗ್ಗೆ ಚಾ ಕುಡಿಯುತ್ತಿದ್ದಾಗ ಬಲಗೈಯಿಂದ ಲೋಟ ಜಾರಿ ಬಿತ್ತು, ಮಾತು ತೊದಲಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು. ಎಂ.ಆರ್.ಐ.ಯಲ್ಲಿ ಏನೂ ಕಾಣಲಿಲ್ಲ. ಡಾಪ್ಲರ್ (ರಕ್ತದ ಓಟ ನೋಡುವ ಸ್ಕ್ಯಾನ್) ಮಾಡಿಸಿದಾಗ ಕತ್ತಿನ ಎಡ ನಾಳ 75%, ಬಲ ನಾಳ 55% ಕಟ್ಟಿದೆ ಎಂದು ಬಂತು. ಪಿ.ಎಸ್.ವಿ. ಎಡಕ್ಕೆ 290, ಬಲಕ್ಕೆ 140 ಎಂದಿದೆ. ಮಂಗಳೂರಿನ ಒಂದು ಆಸ್ಪತ್ರೆಯವರು ಸ್ಟೆಂಟ್ ಹಾಕಲು 3.2 ಲಕ್ಷ ಹೇಳಿದರು, ಇನ್ನೊಂದು ಕಡೆ ಆಪರೇಷನ್‌ಗೆ 1.6 ಲಕ್ಷ ಹೇಳಿದರು. ನೆಂಟರೊಬ್ಬರು ‘ಮದ್ದಲ್ಲೇ ಕರಗುತ್ತದೆ, ಅಡಿಕೆ ಕೊಯ್ಲು ಮುಗಿಯಲಿ, ಮತ್ತೆ ನೋಡುವ’ ಎನ್ನುತ್ತಾರೆ. ನಮ್ಮಲ್ಲಿ ಕಾಸ್ಪ್ (ಕೇರಳ ಸರ್ಕಾರದ ಆರೋಗ್ಯ ಯೋಜನೆ) ಕಾರ್ಡ್ ಇದೆ. ಕೊಟ್ಟ ಹಣಕ್ಕೆ ಸರಿಯಾದ ಗುಣ ಯಾವುದರಲ್ಲಿ?

ಉತ್ತರ: ಮೊದಲು ನಿಮ್ಮ ನೆಂಟರ ಮಾತಿಗೆ ಉತ್ತರ ಹೇಳಬೇಕು, ಏಕೆಂದರೆ ಮೂರು ದಾರಿಗಳಲ್ಲಿ ಅತಿ ದುಬಾರಿ ಅದೇ. ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ತಂದೆಯವರಿಗೆ ಬಂದುಹೋದದ್ದು ‘ಮಿನಿ ಸ್ಟ್ರೋಕ್’, ಅಂದರೆ ಟಿ.ಐ.ಎ. ಎಡ ನಾಳದ ಒಳಗೋಡೆಯಲ್ಲಿ ಕೂತ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ಕಟ್ಟಿದ ರಕ್ತದ ಚೂರೊಂದು ಮಿದುಳಿಗೆ ಹಾರಿ, ಅಲ್ಲಿ ಸ್ವಲ್ಪ ಹೊತ್ತು ಸಿಕ್ಕಿಕೊಂಡು, ಪುಣ್ಯಕ್ಕೆ ಕರಗಿತು. ಮಿದುಳಿನ ಎಡಭಾಗವೇ ಬಲಗೈಯನ್ನೂ ಮಾತನ್ನೂ ನೋಡಿಕೊಳ್ಳುವುದರಿಂದ ಲಕ್ಷಣವೂ ಸ್ಕ್ಯಾನೂ ಒಂದಕ್ಕೊಂದು ತಾಳೆಯಾಗುತ್ತವೆ. ಎಂ.ಆರ್.ಐ.ಯಲ್ಲಿ ಏನೂ ಇಲ್ಲ ಎಂದರೆ ಮಿದುಳಿಗೆ ಇನ್ನೂ ಹಾನಿ ತಟ್ಟಿಲ್ಲ ಎಂದಷ್ಟೇ. ಒಡೆದ ಗಂಟು ಅಲ್ಲೇ ಇದೆ. ಅದು ಮತ್ತೆ ಚೂರು ಹಾರಿಸುವ ಅಪಾಯ ಅತಿ ಹೆಚ್ಚಿರುವುದು ಮೊದಲ ಎರಡು ವಾರಗಳಲ್ಲಿ. ಐದು ದಿನ ಆಗಲೇ ಕಳೆದಿದೆ.

ಈ ದಿನಗಳ ಲೆಕ್ಕವನ್ನು ರೂಪಾಯಿಗೆ ಹಾಕಿ ನೋಡಬಹುದು. ಕತ್ತಿನ ನಾಳದ ಆಪರೇಷನ್ ಬಗ್ಗೆ ನಡೆದ ದೊಡ್ಡ ಪ್ರಯೋಗಗಳ ಮಾಹಿತಿಯನ್ನು ಒಟ್ಟು ಸೇರಿಸಿ 2004ರಲ್ಲಿ ಒಂದು ವಿಶ್ಲೇಷಣೆ ಬಂತು. ನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿ, ಲಕ್ಷಣವೂ ಕಂಡವರಲ್ಲಿ, ಐದು ವರ್ಷದೊಳಗೆ ಒಂದು ಪಾರ್ಶ್ವವಾಯು ತಪ್ಪಿಸಲು ಎಷ್ಟು ಜನರಿಗೆ ಆಪರೇಷನ್ ಮಾಡಬೇಕು ಎಂಬುದು ಅದರ ಪ್ರಶ್ನೆ. ಲಕ್ಷಣ ಕಂಡ ಎರಡು ವಾರದೊಳಗಿನವರಲ್ಲಿ 5 ಜನ. ಹನ್ನೆರಡು ವಾರ ದಾಟಿದವರಲ್ಲಿ 125 ಜನ. ನಿಮಗೆ ಹೇಳಿದ 1.6 ಲಕ್ಷವನ್ನೇ ಹಿಡಿಯಿರಿ. ಬೇಗ ಮಾಡಿದರೆ ಒಂದು ಪಾರ್ಶ್ವವಾಯು ತಪ್ಪಿಸಲು 8 ಲಕ್ಷ, ಮೂರು ತಿಂಗಳು ಬಿಟ್ಟು ಮಾಡಿದರೆ 2 ಕೋಟಿ. ಅದೇ ಸರ್ಜನ್, ಅದೇ ಥಿಯೇಟರ್, ಅದೇ ಬಿಲ್ಲು. ತಡ ಮಾಡಿದರೆ, ಬೀಳಬೇಕಾದ ಹೊಡೆತ ಅಷ್ಟರಲ್ಲಿ ಬಿದ್ದಾಗಿರುತ್ತದೆ, ಇಲ್ಲವೇ ಗಂಟು ತಾನಾಗಿ ಆರಿರುತ್ತದೆ. ಎರಡರಲ್ಲೂ ಆಪರೇಷನ್‌ಗೆ ತಪ್ಪಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಇನ್ನು ಆ 75% ಎಂಬ ಅಂಕಿ. ಇದನ್ನು ಸುಮ್ಮನೆ ನಂಬಬೇಡಿ, ಅಳೆದದ್ದು ಹೇಗೆ ಎಂದು ಕೇಳಿ. ಗಣಿತ ಸರಳ: ನಾಳದ ವ್ಯಾಸ ಅರ್ಧಕ್ಕೆ ಇಳಿದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ. ಅಂದರೆ ವ್ಯಾಸದಲ್ಲಿ 50% ಕಟ್ಟಿದ ನಾಳವನ್ನೇ ವಿಸ್ತೀರ್ಣದ ಲೆಕ್ಕದಲ್ಲಿ 75% ಎಂದು ಬರೆಯಬಹುದು, ಸುಳ್ಳೂ ಅಲ್ಲ. ವ್ಯಾಸದಲ್ಲೂ ಎರಡು ಪದ್ಧತಿ ಇದೆ. ಉತ್ತರ ಅಮೆರಿಕದ ನ್ಯಾಸೆಟ್ ಎಂಬ ಪ್ರಯೋಗದ ಪದ್ಧತಿಯಲ್ಲಿ ಕಿರಿದಾದ ಜಾಗವನ್ನು ಮೇಲಿನ ಸರಿಯಾದ ನಾಳದೊಂದಿಗೆ ಹೋಲಿಸುತ್ತಾರೆ. ಯುರೋಪಿನ ಹಳೆಯ ಪದ್ಧತಿಯಲ್ಲಿ ಆ ಜಾಗದಲ್ಲಿ ನಾಳ ಮೊದಲು ಎಷ್ಟು ಅಗಲ ಇದ್ದಿರಬಹುದೆಂದು ಅಂದಾಜಿಸಿ ಹೋಲಿಸುತ್ತಾರೆ. ಯುರೋಪಿನ 70% ಅಂದರೆ ನ್ಯಾಸೆಟ್‌ನ 50%ರ ಆಸುಪಾಸು. ಆಪರೇಷನ್ ಬೇಕೋ ಬೇಡವೋ ಎಂಬ ಇಂದಿನ ಗೆರೆಗಳೆಲ್ಲ ನ್ಯಾಸೆಟ್ ಲೆಕ್ಕದವು.

ನಿಮ್ಮ ರಿಪೋರ್ಟಿನಲ್ಲಿ ಶೇಕಡಾವಾರಿಗಿಂತ ಗಟ್ಟಿಯಾದ ಅಂಕಿ ಪಿ.ಎಸ್.ವಿ. ಅದು ಹೃದಯ ಒತ್ತಿದಾಗ ರಕ್ತ ಓಡುವ ಗರಿಷ್ಠ ವೇಗ, ಸೆಕೆಂಡಿಗೆ ಸೆಂಟಿಮೀಟರ್ ಲೆಕ್ಕದಲ್ಲಿ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ಲ, ಹಾಗೆಯೇ ನಾಳ ಕಿರಿದಾದಷ್ಟೂ ರಕ್ತ ರಭಸ ಹಿಡಿಯುತ್ತದೆ. 125 ದಾಟಿದರೆ 50%ಕ್ಕಿಂತ ಹೆಚ್ಚು, 230 ದಾಟಿದರೆ 70% ಅಥವಾ ಮೇಲೆ ಎಂಬುದು ಸಾಮಾನ್ಯ ಅಳತೆ. ಎಡದ 290 ನಿಜಕ್ಕೂ 70%ರ ಮೇಲಿನ ಸಂಕೋಚವನ್ನೇ ಸೂಚಿಸುತ್ತದೆ. ಬಲದ 140, 50ರಿಂದ 69%ರ ಗುಂಪಿಗೆ ಸೇರುತ್ತದೆ. ಆದರೂ ಡಾಪ್ಲರ್ ಎರಡು ಕಡೆ ಎಡವುತ್ತದೆ. ಗಂಟಿನಲ್ಲಿ ಸುಣ್ಣ ತುಂಬಿದ್ದರೆ ನೆರಳು ಬಿದ್ದು ಹಿಂದಿನದು ಕಾಣುವುದಿಲ್ಲ. ಒಂದು ಕಡೆಯ ನಾಳ ತುಂಬಾ ಕಟ್ಟಿದ್ದರೆ ಇನ್ನೊಂದು ಕಡೆ ರಕ್ತ ಹೆಚ್ಚು ಹರಿದು, ಅಲ್ಲಿಯ ವೇಗ ಇದ್ದದ್ದಕ್ಕಿಂತ ಜಾಸ್ತಿ ತೋರುತ್ತದೆ. ಬಲದ 140ರಲ್ಲಿ ಸ್ವಲ್ಪ ಅದೂ ಸೇರಿರಬಹುದು. ಹಾಗಾಗಿ ಕತ್ತಿ ಹಿಡಿಯುವ ಮೊದಲು ಸಿ.ಟಿ. ಆಂಜಿಯೋಗ್ರಾಂ ಒಂದು ಬೇಕೇ ಬೇಕು. ಎದೆಯ ಮಹಾಪಧಮನಿಯಿಂದ ಹಿಡಿದು ತಲೆಬುರುಡೆಯ ಒಳಗಿನವರೆಗೂ ನೋಡಿ ಎಂದು ಕೇಳಿ. ನಮ್ಮ ದೇಶದವರಲ್ಲಿ ತಲೆಯೊಳಗಿನ ನಾಳಗಳು ಕಟ್ಟುವುದು ಪಶ್ಚಿಮದವರಿಗಿಂತ ಹೆಚ್ಚು. ದೋಷ ಅಲ್ಲಿದ್ದರೆ ಕತ್ತಿನ ನಾಳ ಸರಿಮಾಡಿ ಉಪಯೋಗವಿಲ್ಲ. ತಲೆಯೊಳಗಿನ ನಾಳಕ್ಕೆ ಸ್ಟೆಂಟ್ ಹಾಕಿದರೆ ಮದ್ದಿಗಿಂತ ಕೆಡುಕೇ ಜಾಸ್ತಿ ಎಂದು 2011ರ ಸ್ಯಾಂಪ್ರಿಸ್ ಪ್ರಯೋಗದಲ್ಲಿ ಗೊತ್ತಾಯಿತು: 30 ದಿನದಲ್ಲಿ ಸ್ಟೆಂಟ್ ಗುಂಪಿನ 14.7% ಜನರಿಗೆ ಸ್ಟ್ರೋಕ್ ಅಥವಾ ಸಾವು, ಮದ್ದಿನ ಗುಂಪಿನಲ್ಲಿ 5.8%. ಶುಗರ್ ಇರುವುದರಿಂದ ಸ್ಕ್ಯಾನಿಗೆ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡಿಸಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಸ್ಕ್ಯಾನಿನ ದಿನದಿಂದ 48 ಗಂಟೆ ನಿಲ್ಲಿಸಲು ಹೇಳುತ್ತಾರೆ. ಇ.ಸಿ.ಜಿ.ಯೂ ಆಗಲಿ. ಹೃದಯದ ಬಡಿತ ತಾಳ ತಪ್ಪಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಇದ್ದರೆ ಮದ್ದೇ ಬೇರೆ.

ಈಗ ಚಿಕಿತ್ಸೆಗೆ ಬರೋಣ. ಮದ್ದು ಎಂಬುದು ಆಪರೇಷನ್‌ಗೆ ಬದಲಿ ಅಲ್ಲ. ಮೂರು ದಾರಿಗಳಲ್ಲಿ ಯಾವುದು ಹಿಡಿದರೂ ಮದ್ದು ಇದ್ದೇ ಇದೆ, ಇವತ್ತೇ ಶುರುವಾಗಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಟಿ.ಐ.ಎ. ಬಂದವರಿಗೆ ಅದೇ ದಿನ ಮದ್ದು ಶುರುಮಾಡುವ ಪದ್ಧತಿ ತಂದಾಗ, 90 ದಿನದೊಳಗೆ ಮತ್ತೆ ಸ್ಟ್ರೋಕ್ ಆಗುವವರು 10.3%ರಿಂದ 2.1%ಕ್ಕೆ ಇಳಿದರು. 2007ರ ಈ ಫಲಿತಾಂಶ ಹಣದ ಲೆಕ್ಕದಲ್ಲೂ ಎಲ್ಲಕ್ಕಿಂತ ಮುಂದೆ. ಏಕೆಂದರೆ 75 ಮಿ.ಗ್ರಾಂ. ಆಸ್ಪಿರಿನ್ ಗುಳಿಗೆಗೆ ಒಂದು ರೂಪಾಯಿಯೂ ಇಲ್ಲ. ಜನೌಷಧಿಯಲ್ಲಿ ತೆಗೆದುಕೊಂಡರೆ ಈ ಕಾಯಿಲೆಯ ಎಲ್ಲ ಮದ್ದೂ ಸೇರಿ ತಿಂಗಳಿಗೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಸಾಮಾನ್ಯವಾಗಿ ಕೊಡುವುದು ಹೀಗೆ: ರಕ್ತ ತೆಳುಗೊಳಿಸುವ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಎರಡನ್ನೂ ಮೊದಲ ದಿನ 300 ಮಿ.ಗ್ರಾಂ.ನಂತೆ, ಮತ್ತೆ ದಿನಕ್ಕೆ 75ರಂತೆ 21 ದಿನ, ಆಮೇಲೆ ಎರಡರಲ್ಲಿ ಒಂದು ಮಾತ್ರ. ಎರಡನ್ನೂ ತಿಂಗಳುಗಟ್ಟಲೆ ತಿಂದರೆ ಲಾಭ ಏರುವುದಿಲ್ಲ, ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತಸ್ರಾವದ ಅಪಾಯ ಮಾತ್ರ ಏರುತ್ತದೆ. ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಅಟೊರ್ವಾಸ್ಟಾಟಿನ್ 40ರಿಂದ 80 ಮಿ.ಗ್ರಾಂ. ಇದು ಗಂಟನ್ನು ಕರಗಿಸಿಬಿಡುವ ಮದ್ದಲ್ಲ. ನಿಮ್ಮ ನೆಂಟರು ಹೇಳಿದಂತೆ 75% ಇದ್ದದ್ದು ಇಲ್ಲವಾಗುವುದಿಲ್ಲ. ಆದರೆ ಗಂಟಿನ ಮೇಲ್ಪದರ ಗಟ್ಟಿಯಾಗಿ ಒಡೆಯುವುದು ಕಡಿಮೆಯಾಗುತ್ತದೆ. ಎಲ್.ಡಿ.ಎಲ್. (ಕೆಟ್ಟ ಕೊಲೆಸ್ಟ್ರಾಲ್) 70ರ ಕೆಳಗೆ ಇಳಿಯಬೇಕು, ಬಿ.ಪಿ. 130/80ರ ಸುತ್ತ ನಿಲ್ಲಬೇಕು. ಆದರೆ ನಾಳ ತೆರೆಯುವವರೆಗೆ ಬಿ.ಪಿ.ಯನ್ನು ಒಮ್ಮೆಲೇ ಇಳಿಸಬಾರದು, ಕಿರಿದಾದ ದಾರಿಯಲ್ಲಿ ಮಿದುಳಿಗೆ ರಕ್ತ ತಲುಪಲು ಒತ್ತಡ ಬೇಕು. ಇಲ್ಲಿ ಆಗಾಗ ಆಗುವ ಒಂದು ತಪ್ಪು: ಹೊಟ್ಟೆ ಉರಿಗೆಂದು ಒಮೆಪ್ರಜೋಲ್ ಬರೆಯುವುದು. ಅದು ಕ್ಲೋಪಿಡೊಗ್ರೆಲ್‌ನ ಬಲ ಕುಗ್ಗಿಸುತ್ತದೆ. ಪ್ಯಾಂಟೊಪ್ರಜೋಲ್ ಕೇಳಿ ತೆಗೆದುಕೊಳ್ಳಿ. ಬೀಡಿಯೂ ಹೊಗೆಸೊಪ್ಪೂ ಇವತ್ತೇ ನಿಲ್ಲಬೇಕು. ಮತ್ತೊಂದು, ನಮ್ಮ ಕಡೆ ಉಳಿಚ್ಚಿಲ್ (ಎಣ್ಣೆ ಹಚ್ಚಿ ಮೈ ಉಜ್ಜುವುದು) ಮಾಡಿಸುವ ರೂಢಿ ಉಂಟು, ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ನೆಟಿಕೆ ತೆಗೆಯುವುದೂ ಉಂಟು. ತಂದೆಯವರ ಕತ್ತನ್ನು ಯಾರೂ ಒತ್ತಬಾರದು, ತಿರುಚಬಾರದು. ‘ನಾಳ ತೊಳೆಯುವ ಡ್ರಿಪ್’ ಎಂದು ಸಾವಿರಗಟ್ಟಲೆ ಕೇಳುವವರಿದ್ದಾರೆ. ಕತ್ತಿನ ನಾಳಕ್ಕೆ ಅದರಿಂದ ಏನೂ ಇಲ್ಲ.

ಮದ್ದಿನ ಮೇಲೆ ಆಪರೇಷನ್ನೂ ಮಾಡಿದರೆ ಎಷ್ಟು ಹೆಚ್ಚು ಲಾಭ? 1991ರಲ್ಲಿ ನ್ಯಾಸೆಟ್ ಪ್ರಯೋಗದ ಫಲಿತಾಂಶ ಬಂತು. ಲಕ್ಷಣ ಕಂಡು 70%ರಿಂದ 99% ಕಟ್ಟಿದವರಲ್ಲಿ ಎರಡು ವರ್ಷದೊಳಗೆ ಅದೇ ಕಡೆಯ ಸ್ಟ್ರೋಕ್ ಮದ್ದು ಮಾತ್ರ ತಿಂದವರಿಗೆ 26%, ಆಪರೇಷನ್ನೂ ಆದವರಿಗೆ 9%. ನೂರಕ್ಕೆ 17 ಜನ ಉಳಿದರು, ಅಂದರೆ ಆರು ಆಪರೇಷನ್‌ಗೆ ಒಬ್ಬರು. 1998ರಲ್ಲಿ ಬಂದ ಅದರ ಮುಂದಿನ ಲೆಕ್ಕದಲ್ಲಿ, 50ರಿಂದ 69% ಕಟ್ಟಿದವರಲ್ಲಿ ಐದು ವರ್ಷಕ್ಕೆ 22.2%ರ ಬದಲು 15.7%, ಸುಮಾರು ಹದಿನೈದು ಆಪರೇಷನ್‌ಗೆ ಒಬ್ಬರು. ಆ ಕಾಲದಲ್ಲಿ ಸ್ಟಾಟಿನ್ ಬಳಕೆ ಇಂದಿನಷ್ಟು ಇರಲಿಲ್ಲ, ಹಾಗಾಗಿ ಇಂದಿನ ಅಂತರ ಇದಕ್ಕಿಂತ ಸ್ವಲ್ಪ ಕಡಿಮೆ ಎಂದೇ ಹಿಡಿಯಬೇಕು. ಆದರೂ ತಂದೆಯವರ ಎಡ ನಾಳಕ್ಕೆ ಆಪರೇಷನ್‌ನ ಪಕ್ಷದ ತೂಕ ದೊಡ್ಡದು.

ಆಪರೇಷನ್ ಹೇಗಿರುತ್ತದೆ ಎಂದರೆ, ಕಿವಿಯ ಕೆಳಗಿನಿಂದ ಕತ್ತಿನ ಉದ್ದದ ಸ್ನಾಯುವಿನ ಅಂಚು ಹಿಡಿದು ಕೊಯ್ಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು ನಾಳವನ್ನು ಕೆಳಗೂ ಮೇಲೂ ಹಿಡಿಕೆ ಹಾಕಿ ಮುಚ್ಚುತ್ತಾರೆ. ಅಷ್ಟು ಹೊತ್ತು ಮಿದುಳಿಗೆ ರಕ್ತ ಸಾಲದಿದ್ದರೆ ನಡುವೆ ಸಣ್ಣ ಕೊಳವೆಯೊಂದನ್ನು ಇಡುತ್ತಾರೆ. ನಾಳವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಾಣುವುದು ಹಳದಿ, ಮುಟ್ಟಿದರೆ ಮರಳು ಮರಳಾದ ಪದರ. ಹಣ್ಣಡಿಕೆಯ ಸಿಪ್ಪೆ ಬಿಟ್ಟು ಅಡಿಕೆ ಮಾತ್ರ ಈಚೆ ಬರುವಂತೆ, ಹೊರಗೋಡೆಯನ್ನು ಉಳಿಸಿ ಆ ಪದರವನ್ನು ಮಾತ್ರ ಎಬ್ಬಿಸಿ ತೆಗೆಯುತ್ತಾರೆ. ಮೇಲಿನ ತುದಿಯಲ್ಲಿ ಸಿಬಿರು ಉಳಿದರೆ ರಕ್ತದ ಓಟಕ್ಕೆ ಅದು ಮಡಚಿ ನಾಳವನ್ನೇ ಮುಚ್ಚಬಹುದು, ಆದ್ದರಿಂದ ಸರ್ಜನ್‌ನ ಕೈಪಳಗು ತಿಳಿಯುವುದು ಆ ತುದಿಯಲ್ಲೇ. ಕೊನೆಗೆ ತೇಪೆ ಹಾಕಿ ಹೊಲಿಯುತ್ತಾರೆ. ಸುಮ್ಮನೆ ಅಂಚಿಗೆ ಅಂಚು ಹೊಲಿದರೆ ನಾಳ ಮತ್ತೆ ಕಿರಿದಾಗುವ ಸಂಭವ ಹೆಚ್ಚು. ಆಮೇಲೆ ಬರಬಹುದಾದ ತೊಂದರೆಗಳಲ್ಲಿ ಸ್ಟ್ರೋಕ್ ಬಿಟ್ಟರೆ ಮುಖ್ಯವಾದುವು ಮೂರು. ಮೊದಲ ಗಂಟೆಗಳಲ್ಲಿ ಕತ್ತಿನೊಳಗೆ ರಕ್ತ ತುಂಬಿ ಊದಿ ಉಸಿರಿಗೆ ಅಡ್ಡ ಬರುವುದು. ನರಕ್ಕೆ ಪೆಟ್ಟಾಗಿ ಸ್ವರ ಒಡೆಯುವುದು ಅಥವಾ ನಾಲಗೆ ಒಂದು ಕಡೆ ವಾಲುವುದು, ಇದು ಹೆಚ್ಚಿನವರಲ್ಲಿ ವಾರ ತಿಂಗಳುಗಳಲ್ಲಿ ಸರಿಹೋಗುತ್ತದೆ. ಮೂರನೆಯದು ಹೃದಯಾಘಾತ, ಶುಗರ್ ಇರುವವರಲ್ಲಿ ಇದನ್ನು ಮರೆಯುವಂತಿಲ್ಲ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮನೆಗೆ ಬರಬಹುದು.

ಸ್ಟೆಂಟ್‌ಗೆ ಕತ್ತು ಕೊಯ್ಯಬೇಕಿಲ್ಲ. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ತಂತಿ ಏರಿಸಿ, ಗಂಟಿನ ಮೇಲ್ಗಡೆ ಕೊಡೆಯಂಥ ಸಣ್ಣ ಜಾಲರಿ ಬಿಚ್ಚಿ, ಬಲೂನಿನಿಂದ ಅಗಲಿಸಿ ಲೋಹದ ಬಲೆಯನ್ನು ಕೂರಿಸುತ್ತಾರೆ. ಬಿಲ್ಲಿನ ದೊಡ್ಡ ಪಾಲು ಈ ಸಾಮಾನಿನದ್ದೇ: ಸ್ಟೆಂಟ್, ಜಾಲರಿ, ಬಲೂನು, ಇವನ್ನು ಏರಿಸುವ ಉದ್ದದ ಕೊಳವೆ. 2017ರಲ್ಲಿ ಸರ್ಕಾರ ಗರಿಷ್ಠ ಬೆಲೆ ಕಟ್ಟಿದ್ದು ಹೃದಯದ ಸ್ಟೆಂಟ್‌ಗೆ. ಅದನ್ನು ನೋಡಿ ಕತ್ತಿನ ಸ್ಟೆಂಟ್‌ಗೂ ಅದೇ ಬೆಲೆ ಎಂದುಕೊಂಡು ಹೋಗಬೇಡಿ.

ಗುಣದಲ್ಲಿ ಎರಡೂ ಒಂದೇ ಎಂದು ಹೇಳುವವರು 2010ರ ಕ್ರೆಸ್ಟ್ ಪ್ರಯೋಗವನ್ನು ತೋರಿಸುತ್ತಾರೆ. 2,502 ಜನರಲ್ಲಿ ಸ್ಟ್ರೋಕ್, ಹೃದಯಾಘಾತ, ಸಾವು ಸೇರಿ ನಾಲ್ಕು ವರ್ಷದ ಒಟ್ಟು ಲೆಕ್ಕ ಸ್ಟೆಂಟ್‌ಗೆ 7.2%, ಆಪರೇಷನ್‌ಗೆ 6.8%. ಮಾತು ನಿಜ, ಆದರೆ ಪೂರ್ತಿಯಲ್ಲ. ಚಿಕಿತ್ಸೆಯ ಹೊತ್ತಿನ ಸ್ಟ್ರೋಕ್ ಸ್ಟೆಂಟ್‌ನಲ್ಲಿ ಹೆಚ್ಚು, 4.1%ಕ್ಕೆ 2.3%. ಹೃದಯಾಘಾತ ಆಪರೇಷನ್‌ನಲ್ಲಿ ಹೆಚ್ಚು, 2.3%ಕ್ಕೆ 1.1%. ಮತ್ತೆ, ವಯಸ್ಸು ಎಲ್ಲವನ್ನೂ ತಿರುಗಿಸುತ್ತದೆ. ಲಕ್ಷಣ ಕಂಡವರ ಮೇಲೆ ಯುರೋಪಿನಲ್ಲಿ ನಡೆದ ಮೂರು ಪ್ರಯೋಗಗಳನ್ನು ಸೇರಿಸಿ 2010ರಲ್ಲೇ ಬಂದ ಲೆಕ್ಕದಲ್ಲಿ, 70 ವರ್ಷದ ಒಳಗಿನವರಿಗೆ ನಾಲ್ಕು ತಿಂಗಳಲ್ಲಿ ಸ್ಟ್ರೋಕ್ ಅಥವಾ ಸಾವು ಸ್ಟೆಂಟ್‌ನಲ್ಲಿ 5.8%, ಆಪರೇಷನ್‌ನಲ್ಲಿ 5.7%. 70 ದಾಟಿದವರಿಗೆ 12.0% ಮತ್ತು 5.9%. ಕಾರಣ ದಾರಿಯಲ್ಲಿದೆ: ವಯಸ್ಸಾದಂತೆ ಮಹಾಪಧಮನಿಯ ಬಾಗು ಉದ್ದವಾಗಿ ಸುರುಳಿಯಾಗುತ್ತದೆ, ಗೋಡೆಯಲ್ಲಿ ಸುಣ್ಣ ಕೂರುತ್ತದೆ. ತಂತಿ ಅದನ್ನು ಕೆರೆಯುತ್ತಾ ಹೋಗುವಾಗಲೇ, ಜಾಲರಿ ಬಿಚ್ಚುವ ಮೊದಲೇ, ಚೂರುಗಳು ಹಾರುತ್ತವೆ.

ನಿಮಗೆ ಹೇಳಿದ ಬೆಲೆಯಲ್ಲಿ ಇದನ್ನು ನೋಡಿ. ತಂದೆಯವರ ವಯಸ್ಸಿನ ನೂರು ಜನ ಆಪರೇಷನ್ ಬಿಟ್ಟು ಸ್ಟೆಂಟ್ ಹಾಕಿಸಿಕೊಂಡರೆ ಒಟ್ಟು 1.6 ಕೋಟಿ ಹೆಚ್ಚು ಖರ್ಚಾಗುತ್ತದೆ, ಮೇಲಿನಿಂದ ಆರು ಜನ ಹೆಚ್ಚಾಗಿ ಪೆಟ್ಟು ತಿನ್ನುತ್ತಾರೆ. ಹಣವೂ ಹೆಚ್ಚು, ಗುಣವೂ ಕಡಿಮೆ. ಹಾಗಾಗಿ ಸಿ.ಟಿ.ಯಲ್ಲಿ ಇದೇ ಖಚಿತವಾದರೆ ನನ್ನ ಸಲಹೆ ಎಡ ನಾಳಕ್ಕೆ ಆಪರೇಷನ್. ಸ್ಟೆಂಟ್ ಸರಿಯಾಗುವ ಸಂದರ್ಭಗಳೂ ಇವೆ: ಕತ್ತಿಗೆ ಮೊದಲೇ ಆಪರೇಷನ್ ಅಥವಾ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿದ್ದರೆ, ಗಂಟು ದವಡೆಯ ಮೂಳೆಯ ಹಿಂದೆ ಕೈಗೆ ಸಿಗದಷ್ಟು ಮೇಲಿದ್ದರೆ, ಇನ್ನೊಂದು ಕಡೆಯ ಸ್ವರದ ನರ ಮೊದಲೇ ಸೋತಿದ್ದರೆ, ಹೃದಯ ಆಪರೇಷನ್ ತಡೆಯದಷ್ಟು ದುರ್ಬಲವಿದ್ದರೆ. ಸ್ಟೆಂಟ್ ಹೇಳಿದ ಡಾಕ್ಟರರಲ್ಲಿ ‘ಇವರಲ್ಲಿ ಇವುಗಳಲ್ಲಿ ಯಾವುದು ಇದೆ?’ ಎಂದು ವಿನಯದಿಂದ ಕೇಳಿ. ಇದೆ ಎಂದರೆ ಅವರ ಮಾತು ಸರಿ. ಆಗ ಎರಡು ರಕ್ತ ತೆಳುಗೊಳಿಸುವ ಗುಳಿಗೆಗಳನ್ನು ಕನಿಷ್ಠ ಒಂದು ತಿಂಗಳು ಒಂದು ದಿನವೂ ತಪ್ಪಿಸುವಂತಿಲ್ಲ. ತಪ್ಪಿದರೆ ಹೊಸ ಬಲೆಯ ಮೇಲೆಯೇ ರಕ್ತ ಹೆಪ್ಪುಗಟ್ಟುತ್ತದೆ.

ಎರಡೂ ಕಡೆ ಕೇಳಬೇಕಾದ ಇನ್ನೊಂದು ಪ್ರಶ್ನೆ: ನಿಮ್ಮಲ್ಲಿ ವರ್ಷಕ್ಕೆ ಇಂಥವು ಎಷ್ಟು ಆಗುತ್ತವೆ, 30 ದಿನದೊಳಗೆ ಎಷ್ಟು ಜನರಿಗೆ ಸ್ಟ್ರೋಕ್ ಅಥವಾ ಸಾವು ಆಗಿದೆ? ಲಕ್ಷಣ ಕಂಡವರಲ್ಲಿ ಅದು 6% ಮೀರಬಾರದು, ಲಕ್ಷಣ ಇಲ್ಲದವರಲ್ಲಿ 3% ಮೀರಬಾರದು. ಮೀರಿದರೆ ಆಪರೇಷನ್‌ನ ಲಾಭವನ್ನು ಆಪರೇಷನ್ನೇ ತಿಂದುಹಾಕುತ್ತದೆ. ಕಡಿಮೆ ಬಿಲ್ಲಿನ ಅನನುಭವಿಗಿಂತ ಇಪ್ಪತ್ತು ಸಾವಿರ ಹೆಚ್ಚು ಕೇಳುವ ಅನುಭವಿ ಅಗ್ಗ.

ಬಲ ನಾಳಕ್ಕೆ ಈಗ ಕೈ ಹಾಕಬೇಡಿ. ‘ಹೇಗೂ ಬಂದಿದ್ದೀರಿ, ಅದನ್ನೂ ಮಾಡಿಬಿಡುವ’ ಎಂದರೆ ಒಪ್ಪಬೇಡಿ. ಅದು ಲಕ್ಷಣ ತೋರಿಸಿಲ್ಲ, 70%ವೂ ಇಲ್ಲ. ಲಕ್ಷಣ ಇಲ್ಲದೆ 70% ದಾಟಿದವರಲ್ಲೇ ಅಂತರ ಸಣ್ಣದು. 2025ರಲ್ಲಿ ಬಂದ ಕ್ರೆಸ್ಟ್-2 ಫಲಿತಾಂಶದಲ್ಲಿ ಇಂದಿನ ಬಿಗಿ ಮದ್ದಿನೊಂದಿಗೆ ನಾಲ್ಕು ವರ್ಷಕ್ಕೆ 5ರಿಂದ 6% ಜನರಿಗೆ ಮಾತ್ರ ಸ್ಟ್ರೋಕ್ ಅಥವಾ ಸಾವು ಆಯಿತು. ಸ್ಟೆಂಟ್ ಅದನ್ನು 6.0ರಿಂದ 2.8ಕ್ಕೆ ಇಳಿಸಿತು. ಆಪರೇಷನ್ 5.3ರಿಂದ 3.7ಕ್ಕೆ ಇಳಿಸಿದರೂ ಆ ಅಂತರವನ್ನು ಖಚಿತವೆನ್ನುವಂತಿರಲಿಲ್ಲ. ನಿಮ್ಮ ಬೆಲೆಯಲ್ಲಿ ಒಂದು ಸ್ಟ್ರೋಕ್ ತಪ್ಪಿಸಲು ಸ್ಟೆಂಟ್‌ಗೆ ಸುಮಾರು ಒಂದು ಕೋಟಿ. ಬಲ ನಾಳಕ್ಕೆ ಮದ್ದು, ಜೊತೆಗೆ ಮೊದಲು ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಪ್ಲರ್. ಅಷ್ಟು ಸಾಕು. ಇನ್ನೊಂದು ಮಾತು ಸೇರಿಸುತ್ತೇನೆ, ಸಿ.ಟಿ.ಯಲ್ಲಿ ಯಾವುದೇ ನಾಳ 100% ಮುಚ್ಚಿದೆ ಎಂದು ಕಂಡರೆ ಅದನ್ನು ತೆರೆಯಲು ಹೋಗುವುದಿಲ್ಲ. ಅದಕ್ಕೆ ಮದ್ದು ಮಾತ್ರ.

ಹಣದ ದಾರಿ. ಕಾಸ್ಪ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆ ಮತ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದಾದರೆ ಕೇರಳದ ಕಾರ್ಡು ಆ ಆಸ್ಪತ್ರೆಯಲ್ಲಿ, ಆ ವಿಭಾಗದಲ್ಲಿ, ಈ ಆಪರೇಷನ್‌ಗೆ ನಡೆಯುತ್ತದೋ ಎಂದು ಅಡ್ಮಿಟ್ ಆಗುವ ಮೊದಲೇ ಆರೋಗ್ಯಮಿತ್ರರ ಕೌಂಟರಿನಲ್ಲಿ ಕೇಳಿ. ಪ್ಯಾಕೇಜಿನ ಹೆಸರು ಮತ್ತು ಮಂಜೂರಾತಿಯನ್ನು ಬರೆಸಿಕೊಳ್ಳಿ. ಕರ್ನಾಟಕದ ಸ್ವಂತ ಯೋಜನೆಗಳು ಅಲ್ಲಿಯ ನಿವಾಸಿಗಳಿಗೆ, ಅದನ್ನು ನಂಬಿ ಹೊರಡಬೇಡಿ. ಕಣ್ಣೂರಿನ ಪರಿಯಾರಂ ಮತ್ತು ಕೋಯಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೂ ವಿಚಾರಿಸಿ. ತಿರುವನಂತಪುರದ ಶ್ರೀಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಈ ಕೆಲಸ ಚೆನ್ನಾಗಿ ಬಲ್ಲವರಿದ್ದಾರೆ. ಆದರೆ ಅದು ರಾಜ್ಯದ ಇನ್ನೊಂದು ತುದಿ, ಸ್ಕ್ಯಾನ್ ಮೊದಲೇ ಕಳಿಸಿ ದಿನ ಗೊತ್ತು ಮಾಡಿಕೊಂಡೇ ರೈಲು ಹತ್ತಿ. ಎರಡು ವಾರದೊಳಗೆ ದಿನ ಸಿಗುವ ಜಾಗ, ಎರಡು ತಿಂಗಳ ಮೇಲೆ ಉಚಿತವಾಗಿ ಸಿಗುವ ಜಾಗಕ್ಕಿಂತ ಮೇಲು. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ತಂದೆಯವರಿಗೆ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಆಗಲಿ. ಬೈಸ್ಟ್ಯಾಂಡರ್ (ಜೊತೆಗಿದ್ದು ನೋಡಿಕೊಳ್ಳುವವರ) ಊಟ, ವಸತಿ, ಓಡಾಟದ ಖರ್ಚು ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ, ಅದನ್ನು ಬೇರೆ ತೆಗೆದಿಡಿ.

ಫೈಲಿನಲ್ಲಿ ಡಾಪ್ಲರ್ ರಿಪೋರ್ಟು, ಎಂ.ಆರ್.ಐ. ಮತ್ತು ಸಿ.ಟಿ.ಯ ಸಿ.ಡಿ., ಇ.ಸಿ.ಜಿ., ಕ್ರಿಯಾಟಿನಿನ್, ತಿನ್ನುತ್ತಿರುವ ಗುಳಿಗೆಗಳ ಪಟ್ಟಿ ಇರಲಿ. ಆಪರೇಷನ್‌ಗೆಂದು ಆಸ್ಪಿರಿನ್ ನೀವಾಗಿ ನಿಲ್ಲಿಸಬೇಡಿ. ಕ್ಲೋಪಿಡೊಗ್ರೆಲ್ ಏನು ಮಾಡಬೇಕೆಂದು ಸರ್ಜನ್ ಹೇಳುತ್ತಾರೆ. ಮನೆಗೆ ಬಂದ ಮೇಲೆ ಮೊದಲ ತಿಂಗಳು ದಿನಕ್ಕೆರಡು ಸಲ ಬಿ.ಪಿ. ಬರೆದಿಡಿ. ಚಿಕಿತ್ಸೆಯಾದ ಕಡೆ ಜೋರು ತಲೆನೋವು, ಏರಿದ ಬಿ.ಪಿ., ಫಿಟ್ಸ್ ಕಂಡರೆ ಅದು ಬಹುಕಾಲ ಬತ್ತಿದ ಮಿದುಳಿಗೆ ರಕ್ತ ಒಮ್ಮೆಲೇ ನುಗ್ಗಿದ ಲಕ್ಷಣ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಆಪರೇಷನ್‌ಗೆ ಮೊದಲಾಗಲಿ ಆಮೇಲಾಗಲಿ ಮತ್ತೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಇಪ್ಪತ್ತು ನಿಮಿಷ ಕಾಯದೆ 108ಕ್ಕೆ ಕರೆಮಾಡಿ, ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ, ಮತ್ತು ಅಲ್ಲಿಯ ಡಾಕ್ಟರ್ ಮೊದಲು ಕೇಳುವುದೇ ಆ ಸಮಯವನ್ನು.